ಬಲಗಾಲಿನ ಶೂ

ಒಳ್ಳೆಯ ಬೌಲಿಂಗ್ ಶೂ ಒಂದು ಜೊತೆಗೆ ಹನ್ನೊಂದು ಸಾವಿರ. ಹರಿದ ಮೂತಿಗೆ ನಾನು ಹಾಕುವ ಚರ್ಮದ ತೇಪೆಗೆ ಇನ್ನೂರೈವತ್ತು. ಎಡಗೈ ಬೌಲರ್ ಚೆಂಡು ಬಿಡುವಾಗ ಎಡಗಾಲಿನ ತುದಿ ನೆಲಕ್ಕೆ ಉಜ್ಜುತ್ತದೆ, ಹಾಗಾಗಿ ಹರಿಯುವುದು ಎಡಗಾಲಿನ ಶೂ. ಬಲಗಾಲಿನದರ ಮೂತಿಗೆ ಏನೂ ಆಗುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟಿದ್ದು ಗೋಕುಲ್.

ಅಟ್ಟೂರಿನಲ್ಲಿ ನನ್ನದು ಬ್ಯಾಗು, ಶೂ ರಿಪೇರಿ ಅಂಗಡಿ. ಧಾರವಾಡದಿಂದ ಬಂದು, ಬ್ಯಾಗ್ ಫ್ಯಾಕ್ಟರಿಯಲ್ಲಿ ಆರು ವರ್ಷ ದುಡಿದು ಸ್ವಂತ ಮಷೀನು ಹಾಕಿದವಳು ನಾನು. ಜೂನ್‌ನಲ್ಲಿ ಗೋಕುಲ್ ಮೊದಲ ಸಲ ಬಂದಾಗ ಎಡಗಾಲಿನ ಶೂ ಬಾಯಿ ತೆರೆದುಕೊಂಡಿತ್ತು.

“ಏನ್ರೀ, ಈ ಕಾಲಿನ ಮ್ಯಾಲೆ ಏನ್ ಸಿಟ್ಟು ನಿಮಗ?”

“ಸಿಟ್ಟಲ್ಲ ಕಣ್ರೀ, ಸ್ಪೀಡು. ಗಂಟೆಗೆ ನೂರ ಮೂವತ್ತು.”

“ಹೊಲಿಯಾಕ ಎರಡು ದಿನ. ನನ್ನ ಸ್ಪೀಡ್ ಅಷ್ಟ.”

ನಕ್ಕರು. ನಗುವಾಗಲೂ ಎಡಗಣ್ಣೇ ಮೊದಲು ಕಿರಿದಾಗುತ್ತಿತ್ತು.

ಆಮೇಲೆ ಮೂರು ವಾರಕ್ಕೊಮ್ಮೆ ಶೂ ಹರಿಯುತ್ತಿತ್ತು, ಅವರು ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಮನೆ ಪಕ್ಕದ ಪುಟ್ಟೇನಹಳ್ಳಿ. ಕರ್ನಾಟಕಕ್ಕೆ ನಾಲ್ಕು ರಣಜಿ ಪಂದ್ಯ ಆಡಿ, ಬೆನ್ನುನೋವಿನಿಂದಾಗಿ ತಂಡದಿಂದ ಹೊರಬಿದ್ದು, ಎರಡು ವರ್ಷದಿಂದ ಕಾಯುತ್ತಿದ್ದರು. ವಯಸ್ಸು ಇಪ್ಪತ್ತೊಂಬತ್ತು. ಈಗ ಈಶಾನ್ಯದ ಒಂದು ರಾಜ್ಯ ಹೊರಗಿನ ಆಟಗಾರನಾಗಿ ಕರೆದಿತ್ತು. ಹೋದರೆ ತವರು ತಂಡದ ಬಾಗಿಲು ಮುಚ್ಚಿದಂತೆಯೇ.

“ಏನ್ ಮಾಡ್ಲಿ, ನೀವೇ ಹೇಳಿ,” ಅಂದರು.

“ಆಡಾಕ ಕರದಲ್ಲಿ ಹೋಗ್ಬೇಕ್ರಿ. ಕಾಯ್ಕೋಂತ ಕುಂತ್ರ ಕೈಗೆ ತುಕ್ಕು ಹಿಡೀತೈತಿ.”

ಹೇಳಿದ್ದು ಸರಿಯಾಗಿತ್ತು. ಆದರೆ ಆ ದಿನ ಎರಡು ಸಲ ಸೂಜಿ ಚುಚ್ಚಿಕೊಂಡೆ.

ಅವರು ಹೋಗುವುದೆಂದಾಯಿತು. ಅಷ್ಟು ದೂರದಲ್ಲಿ ಇವರ ಶೂ ಹೊಲಿಯುವವರು ಯಾರು? ಆಗಸ್ಟ್‌ನಲ್ಲಿ ಎರಡು ಪದರ ಚರ್ಮ ಹಾಕಿ, ಸುತ್ತ ನೈಲಾನ್ ದಾರದಲ್ಲಿ ಹೊಲಿದುಕೊಟ್ಟೆ. ಶೂ ಹರಿಯುವುದು ನಿಂತಿತು. ಅವರು ಬರುವುದೂ ನಿಂತಿತು. ಐದು ವಾರ ಶಾಲೆ ಮಕ್ಕಳ ಬ್ಯಾಗಿಗೆ ಜಿಪ್ ಹಾಕುತ್ತ, ನನ್ನ ಕೈಕೆಲಸದ ಗಟ್ಟಿತನವನ್ನು ನಾನೇ ಬೈದುಕೊಂಡೆ.

ಹೊರಡಲು ಮೂರು ದಿನವಿದ್ದಾಗ ಬಂದರು. ಕೈಯಲ್ಲಿ ಒಂದೇ ಶೂ, ಮೂತಿ ಹರಿದದ್ದು. ತಿರುಗಿಸಿ ನೋಡಿದೆ. ಬಲಗಾಲಿನದು.

“ಇದು ಹ್ಯಾಂಗ ಹರೀತ್ರಿ?”

“ಬೌಲಿಂಗ್ ಮಾಡ್ವಾಗ.”

“ಯಾವ ಕೈಲೆ?”

ಅವರ ಕಿವಿ ಕೆಂಪಾಯಿತು. ಹರಿದ ಜಾಗದಲ್ಲಿ ಬೆರಳಾಡಿಸಿದೆ. ಬೂದು ಪುಡಿ ಅಂಟಿತು.

“ಸಿಮೆಂಟಿಗೆ ತಿಕ್ಕೀರಿ.”

“ಟೆರೇಸ್ ಮೇಲೆ. ಮೊದ್ಲು ಎಡಗಾಲಿನ್ ಶೂನೇ ಉಜ್ದೆ ಕಣ್ರೀ. ನೀವ್ ಹಾಕಿದ ತೇಪೆ ಜಪ್ಪಯ್ಯ ಅಂದ್ರೂ ಬಿಡ್ಲಿಲ್ಲ.”

“ಸುಮ್ಮನ ಬರಬಾರದಿತ್ತೇನ್ರಿ?”

“ಸುಮ್ನೆ ಬಂದು ಏನಂತ ಹೇಳ್ಲಿ?” ಅವರು ನೆಲ ನೋಡಿದರು, ಆಮೇಲೆ ನನ್ನನ್ನು. “ದಾಕ್ಷಾಯಣಿ, ಬಿಟ್ಟು ಹೋಗ್ತಿರೋದು ಟೀಮನ್ನ ಮಾತ್ರ. ಫೆಬ್ರವರಿಗೆ ವಾಪಸ್ ಬರ್ತೀನಿ. ನನ್ನ ಮದ್ವೆ ಆಗ್ತೀರಾ?”

ಮಷೀನು ನಿಲ್ಲಿಸಿದೆ.

“ಹನ್ನೊಂದು ಸಾವಿರದ ಶೂ ಹಾಳು ಮಾಡಿದ್ರಿ. ಕೇಳೋದು ಪುಕ್ಕಟೆ ಇತ್ತು.”

“ಉತ್ತರ?”

“ಅದೂ ಪುಕ್ಕಟೆ. ಆಗ್ತೀನಿ.”

ಎಡಗಣ್ಣು ಕಿರಿದಾಯಿತು. ಆಮೇಲೆ ಬಲಗಣ್ಣು.

ಆ ಸೀಸನ್‌ನಲ್ಲಿ ಅವರು ಆರು ಪಂದ್ಯಕ್ಕೆ ಇಪ್ಪತ್ತೇಳು ವಿಕೆಟ್ ತೆಗೆದರು. ಕರ್ನಾಟಕದ ಕ್ಯಾಪ್ ಮತ್ತೆ ಸಿಗಲಿಲ್ಲ. ಮಾರ್ಚ್‌ನಲ್ಲಿ ನಮ್ಮ ಮದುವೆಯಾಯಿತು.