ಆದರ್ಶ ದಂಪತಿಯ ಮಗಳು

ವೇದಿಕೆಯ ಮೇಲೆ ಅಪ್ಪ, ಅಮ್ಮನ ಭುಜ ಬಳಸಿ ನಿಂತಾಗ ಡಾಕ್ಟರಮ್ಮ ಹೇಸಿ ಮುಖ ತಿರುಗಿಸಿದಳು.

ಅವಳು ಹಲ್ಲಿನ ಡಾಕ್ಟರು. ಕೀವು ತುಂಬಿದ ಒಸಡು, ಗಬ್ಬು ನಾರುವ ದವಡೆ, ಬೇರು ಕೊಳೆತ ಹಲ್ಲು, ಯಾವುದಕ್ಕೂ ಹೇಸಿದವಳಲ್ಲ. ಆದರೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ, ಮದುವೆಗೆ ನಿಂತ ಜೋಡಿಗಳ ನಡುವೆ, ಅದೂ ಮೊದಲ ಸಾಲಿನಲ್ಲಿ ಕೂತು ಹೆತ್ತವರ ಈ ನಾಟಕ ನೋಡುವುದು ಮಾತ್ರ ಅವಳ ಕೈಲಿ ಆಗುತ್ತಿರಲಿಲ್ಲ.

ಚರ್ಚಿನಲ್ಲಿ ಮದುವೆಯಾಗಬೇಕೆಂದರೆ ಈ ತಯಾರಿ ಶಿಬಿರಕ್ಕೆ ಬರಲೇಬೇಕು. ಶಿಬಿರ ನಡೆಸುವವರು ಆ ಚರ್ಚಿನವರೆಲ್ಲ ಮೆಚ್ಚುವ 'ಆದರ್ಶ ದಂಪತಿ'. ಆ ಆದರ್ಶ ದಂಪತಿಯೇ ಅವಳ ಅಪ್ಪ, ಅಮ್ಮ.

"ಸಿಟ್ಟು ಇಟ್ಕೊಂಡು ಯಾವತ್ತೂ ಮಲಗಬೇಡಿ," ಅಪ್ಪ ಮೈಕಿನಲ್ಲಿ ಹೇಳುತ್ತಿದ್ದರು. "ನಾವಿಬ್ಬರೂ ದಿನಾ ಸಂಜೆ ಕೂತು ಜಪಸರ ಹೇಳ್ತೀವಿ. ಜಪಸರ ಮುಗಿಯೋ ಹೊತ್ತಿಗೆ ಮನೇಲಿರೋ ಜಗಳಾನೂ ಮುಗಿದಿರುತ್ತೆ."

ಜಪಸರ ಹೇಳುವುದೇನೋ ನಿಜ. ಮಣಿ ಎಣಿಸುತ್ತ ಅಪ್ಪ ಅರ್ಧ ಪ್ರಾರ್ಥನೆ ಹೇಳುತ್ತಾರೆ, ಅಮ್ಮ ಉಳಿದರ್ಧ ಹೇಳಿ ಮುಗಿಸುತ್ತಾರೆ. ಆ ಮನೆಯಲ್ಲಿ ಗಂಡ ಹೆಂಡತಿ ಒಬ್ಬರ ಮಾತಿಗೊಬ್ಬರು ಮಾತು ಸೇರಿಸುವುದು ಅಷ್ಟೇ. ಅದೂ ಯೇಸುವಿನ ತಾಯಿ ಮರಿಯಮ್ಮನವರಿಗೆ ಹೇಳುವ ಮಾತು. ಮಿಕ್ಕದ್ದೆಲ್ಲ ಮಗಳ ಮೂಲಕ. 'ನಿಮ್ಮಪ್ಪಂಗೆ ಹೇಳು, ಊಟ ಆರ್ತಿದೆ.' 'ನಿಮ್ಮಮ್ಮನ್ನ ಕೇಳು, ನನ್ನ ಕನ್ನಡಕ ಎಲ್ಲಿ.' ಮಾತು ಬಂದಾಗಿನಿಂದ ಅವಳು ಆ ಮನೆಯ ಅಂಚೆ ಪೇದೆ. ಯಾಕೆ ಹೀಗೆ ಅಂತ ಕೇಳಿದರೆ ಅಪ್ಪನ ಬಾಯಿಗೆ ಬೀಗ, ಅಮ್ಮನಿಂದ ಗದರಿಕೆ.

"ಎಷ್ಟು ಚೆನ್ನಾಗಿ ಹೇಳ್ತಾರಲ್ವಾ," ಪಕ್ಕದಲ್ಲಿದ್ದ ಲಿಫ್ಟಪ್ಪ ಪಿಸುಗುಟ್ಟಿದ.

ಅವಳು ಮದುವೆಯಾಗಲಿದ್ದ ಹುಡುಗ ಅವನು, ಕೆಲಸ ಲಿಫ್ಟ್ ರಿಪೇರಿ. ಕ್ಲಿನಿಕ್ಕಿದ್ದ ಕಟ್ಟಡದ ಲಿಫ್ಟು ಎರಡು ಮಹಡಿಯ ನಡುವೆ ನಿಂತು, ಒಳಗೆ ಸಿಕ್ಕಿಬಿದ್ದ ಅವಳು ಕಟ್ಟಡದ ಮಾಲೀಕನ ವಂಶವನ್ನೆಲ್ಲ ಬೈದು ಜಾಲಾಡುತ್ತಿದ್ದಾಗ, ಬಾಗಿಲು ಮೀಟಿ ಇಣುಕಿದ್ದವನು. "ಮೇಡಂ, ಬೈಯೋದು ಬಾಕಿ ಇದ್ರೆ ಮುಗಿಸಿ. ಆಮೇಲೆ ಕೈ ಕೊಡಿ, ಎಳ್ಕೊತೀನಿ," ಅಂದಿದ್ದ. ಕಣ್ಣಲ್ಲಿ ತುಂಟ ನಗು, ಕೆನ್ನೆಯ ಮೇಲೆ ಗ್ರೀಸಿನ ಗೆರೆ. ಅಂದಿನಿಂದ ಅವಳಿಗೆ ಅವನು ಲಿಫ್ಟಪ್ಪ, ಅವನಿಗೆ ಅವಳು ಡಾಕ್ಟರಮ್ಮ.

ಕುಡಿದು ಬಂದು ಅನ್ನದ ತಟ್ಟೆ ಎಸೆಯುವ ಅಪ್ಪನ ಮನೆಯಲ್ಲಿ ಬೆಳೆದವನು ಅವನು. ಹಾಗಾಗಿ ಅವಳ ಮನೆ ಅವನ ಕಣ್ಣಿಗೆ ಸ್ವರ್ಗದ ಹಾಗೆ ಕಂಡಿತ್ತು. ಅವನ ಆ ಕಣ್ಣಿನ ಬೆಳಕು ಆರಿಸಲು ಮನಸ್ಸು ಬಾರದೆ ಅವಳೂ ಬಾಯಿ ಬಿಟ್ಟಿರಲಿಲ್ಲ.

"ನಾವೂ ಹಿಂಗೇ ಇರ್ಬೇಕು ಕಣೆ," ಅಂದ. ಆಮೇಲೆ ಗುಟ್ಟು ಹೇಳುವವನಂತೆ ಬಾಗಿದ. "ನಿಂಗೊಂದು ಸರ್‌ಪ್ರೈಸ್. ಮದುವೆ ಆದ್ಮೇಲೆ ಶಿಬಿರದಲ್ಲಿ ಹೊಸ ಜೋಡಿ ಅಂತ ನಾವೂ ಮಾತಾಡ್ಬೇಕಂತೆ. ಅಂಕಲ್ ಕೇಳಿದ್ರು, ಹ್ಞೂಂ ಅಂದ್ಬಿಟ್ಟೆ."

"ನನ್ನನ್ನ ಕೇಳದೇನೇ?"

"ಅದೇ, ಸರ್‌ಪ್ರೈಸ್ ಅಂತ..."

ಅವನ ಬೆರಳು ಅವಳ ಕಿರುಬೆರಳನ್ನು ಹುಡುಕಿ ಬಂತು. ಅವಳು ಹಲ್ಲಿಯ ಮೇಲೆ ಕೈಯಿಟ್ಟವಳಂತೆ ಕೊಡವಿಕೊಂಡಳು. ಇವನೂ ಅದೇ ಕೆಸರಿನಲ್ಲಿ ಕಾಲಿಟ್ಟನಲ್ಲ!

ವೇದಿಕೆಯ ಮೇಲೆ ಕೇಕು ಬಂತು. "ಸಂಸಾರ ಅಂದ್ರೆ ಇಷ್ಟೇ," ಅಪ್ಪ ನಕ್ಕು ಒಂದು ತುಂಡನ್ನು ಅಮ್ಮನ ಬಾಯಿಗಿಟ್ಟರು. ಸಭೆ ಚಪ್ಪಾಳೆ ತಟ್ಟಿತು. ಯಾರೋ ಶಿಳ್ಳೆ ಹಾಕಿದರು. ಅಮ್ಮ ತುಟಿ ಬಿಗಿದು ನಕ್ಕರು. ಒಂದು ಕೆನ್ನೆ ಉಬ್ಬಿತ್ತು, ದವಡೆ ಆಡಲಿಲ್ಲ. ಬಾಯಿ ನೋಡಿಯೇ ಬದುಕುವ ಮಗಳಿಗೆ ಅದು ತಪ್ಪಿಹೋಗುತ್ತದೆಯೇ? ಅಮ್ಮ ಅಗಿಯುತ್ತಿಲ್ಲ. ಹಾಗೇ ನಗುತ್ತಾ ಇಳಿದು ಹಿಂಬಾಗಿಲಿಗೆ ನಡೆದರು.

"ಅಮ್ಮಂಗೆ ಹುಷಾರಿಲ್ಲ ಅನ್ಸುತ್ತೆ," ಲಿಫ್ಟಪ್ಪ ನೀರಿನ ಬಾಟಲಿ ಹಿಡಿದು ಅವಳಿಗಿಂತ ಮೊದಲೇ ಎದ್ದ.

ಹಿಂದಿನ ವಾಶ್‌ಬೇಸಿನ್ನಿನಲ್ಲಿ ಅಮ್ಮ ಕೇಕು ಉಗಿಯುತ್ತಿದ್ದರು. ಉಗಿದು, ಬೆರಳು ಹಾಕಿ ನಾಲಿಗೆ ಉಜ್ಜಿ, ಮತ್ತೆ ಮತ್ತೆ ಮುಕ್ಕಳಿಸಿದರು. ಬಿಳಿ ಕ್ರೀಮು ಬೇಸಿನ್ನಿನ ತೂತಿಗೆ ಅಂಟಿಕೊಂಡು ಜಾರಲೊಲ್ಲದು.

"ಥೂ! ಯಾಕಮ್ಮ ಇದೆಲ್ಲ ಮಾಡ್ತೀಯ?" ಮಗಳ ದನಿ ಒಡೆಯಿತು. "ನಿಂಗೆ ಅಸಹ್ಯ ಆಗಲ್ವಾ?"

"ಆಗುತ್ತೆ. ರೂಢಿ ಆಗಿದೆ," ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು.

ಲಿಫ್ಟಪ್ಪ ಬಾಟಲಿಯ ಮುಚ್ಚಳ ತೆಗೆದುಕೊಟ್ಟ. ಅವನ ಮುಖದಲ್ಲಿ ಗೊಂದಲ ಬಿಟ್ಟು ಬೇರೇನೂ ಇರಲಿಲ್ಲ. "ಏನು ಮಾಡಿದ್ರಮ್ಮ ಅಂಕಲ್?" ಅಂತ ಮಗುವಿನ ಹಾಗೆ ಕೇಳಿಬಿಟ್ಟ.

ಮಗಳು ಕೇಳಿದಾಗೆಲ್ಲ ಗದರಿದ್ದ ಅಮ್ಮ ಇಂದು ಗದರಲಿಲ್ಲ. ಸೋತುಹೋಗಿದ್ದರೋ, ಮನೆಗೆ ಬರುವ ಅಳಿಯನಿಂದ ಮುಚ್ಚಿಡುವುದೇನು ಅಂದುಕೊಂಡರೋ. ಗೋಡೆಗೆ ಒರಗಿ ನಿಂತರು.

"ಇವಳಿಗಿನ್ನೂ ಮಾತು ಬರ್ತಿರ್ಲಿಲ್ಲ. ನಾನು ಮತ್ತೆ ಬಸುರಿ. ದಿನ ತುಂಬೋ ಮುಂಚೆ ನೋವು ಬಂತು. ಇವರು ಯಾರ್ದೋ ಮನೇಲಿ ಪ್ರಾರ್ಥನೆ ನಡೆಸ್ತಿದ್ರು. ಹೇಳಿ ಕಳಿಸಿದೆ. ಮಧ್ಯದಲ್ಲಿ ಎದ್ದು ಬರೋಕಾಗಲ್ಲ ಅಂತ ಮುಗಿಸಿಕೊಂಡೇ ಬಂದ್ರು. ಅಷ್ಟು ಹೊತ್ತಿಗೆ ಗಂಡು ಮಗು, ಸತ್ತೇ ಹುಟ್ಟಿತ್ತು. ನನ್ನ ತಲೆ ಮೇಲೊಂದು ಕೈ ಇಡ್ಲಿಲ್ಲ. ದೇವರ ಚಿತ್ತ ಅಂದ್ರು. ಮಗೂನ ಬಟ್ಟೇಲಿ ಸುತ್ತಿ ಎತ್ಕೊಂಡು ಹೋದ್ರು. ಎಲ್ಲಿ ಮಣ್ಣು ಮಾಡಿದ್ರು ಅಂತ ನಾನು ಕೇಳ್ಲಿಲ್ಲ, ಅವರು ಹೇಳ್ಲಿಲ್ಲ. ಆಮೇಲೆ ಮಾತೇ ಬೇಡ ಅನ್ನಿಸ್ತು."

ಒಳಗಿನಿಂದ ಮತ್ತೊಂದು ಸುತ್ತು ಚಪ್ಪಾಳೆ ಕೇಳಿಸಿತು.

ತನಗೊಬ್ಬ ತಮ್ಮನಿದ್ದ! ಅಪ್ಪನ ಇಸ್ತ್ರಿ ಅಂಗಿ, ಶಿಲುಬೆಯ ಪಿನ್ನು, ಜೇನು ಸುರಿಯುವ ಆ ದನಿ, ಎಲ್ಲದರ ಮೇಲೂ ಡಾಕ್ಟರಮ್ಮನಿಗೆ ಹೇಸಿಗೆ ಹುಟ್ಟಿತು. ಅವಳು ಲಿಫ್ಟಪ್ಪನ ಕಡೆ ತಿರುಗಿದಳು.

"ಈಗ ಹೇಳು. ಹಿಂಗೇ ಇರ್ಬೇಕಾ ನಾವು?"

ಅವನ ಮುಖ ಬಿಳಿಚಿತ್ತು. "ತಪ್ಪಾಯ್ತು ಕಣೆ. ನಿನ್ನ ಕೇಳದೆ ಒಪ್ಕೊಂಡಿದ್ದು ನನ್ನ ತಪ್ಪು. ಆಗಲ್ಲ ಅಂತ ಈಗ್ಲೇ ಹೇಳ್ತೀನಿ."

ಅವಳು ಕಾದಳು. ಇನ್ನೇನು 'ಆದರೆ' ಬರುತ್ತದೆ ಅಂತ. ಬರಲಿಲ್ಲ. ಅವಳ ಮನೆಯವರು ಭಾನುವಾರದ ಪೂಜೆಯಲ್ಲಿ ಎದೆ ತಟ್ಟಿಕೊಂಡು ದೇವರಿಗೆ ತಪ್ಪೊಪ್ಪಿಕೊಳ್ಳುತ್ತಿದ್ದರು. ತಪ್ಪಾಯ್ತು ಅಂತ ಒಬ್ಬರಿಗೊಬ್ಬರು ಹೇಳಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ಅವನನ್ನು ಬೈಯಲೆಂದು ಕೂಡಿಟ್ಟಿದ್ದ ಮಾತುಗಳಿಗೆ ಈಗ ಕೆಲಸವೇ ಇಲ್ಲದಂತಾಯಿತು.

"ನಮ್ಮ ವಿಷ್ಯ ಆಮೇಲೆ," ಅಂದು ಅವಳು ಒಳಗೆ ನುಗ್ಗಿದಳು.

ಜೋಡಿಗಳು ಹೊರಟಿದ್ದವು. ಅಪ್ಪ ಮೈಕಿನ ವೈರು ಸುತ್ತುತ್ತಿದ್ದರು.

"ಅಪ್ಪ, ನನ್ನ ತಮ್ಮನ್ನ ಎಲ್ಲಿ ಮಣ್ಣು ಮಾಡಿದ್ರಿ?"

ವೈರು ಕೈಯಿಂದ ಜಾರಿತು. "ಯಾರು ಹೇಳಿದ್ರು ನಿಂಗೆ? ಹಳೇ ಗಾಯ ಕೆದಕಬೇಡಮ್ಮ. ಅದೆಲ್ಲ ದೇವರ..."

"ಆ ಮಾತು ಬಾಯಿಂದ ಪೂರ್ತಿ ಬಂದ್ರೆ ನನ್ನ ಮದುವೆಗೆ ನೀವು ಬರೋದು ಬೇಡ. ಎಲ್ಲಿ ಅಂತ ತೋರ್ಸಿ."

"ಇಷ್ಟು ಜನರ ಮುಂದೆ..."

"ಜನ ಹೋದ್ರು ಅಂಕಲ್," ಲಿಫ್ಟಪ್ಪ ಮೆಲ್ಲಗೆ ಅಂದ. ವೈರು ಎತ್ತಿ ಮೇಜಿನ ಮೇಲಿಟ್ಟ. "ನಡೀರಿ, ನಾವೂ ಬರ್ತೀವಿ. ಮತ್ತೆ, ಆ ಭಾಷಣ ನಮ್ಮಿಂದಾಗಲ್ಲ. ಬೇರೆಯವರನ್ನ ನೋಡಿ."

ಚರ್ಚಿನ ಹಿಂದೆಯೇ ಸ್ಮಶಾನ. ಅಮೃತಶಿಲೆಯ ಸಮಾಧಿಗಳನ್ನು ದಾಟಿ, ಸಿಮೆಂಟಿನ ಸಮಾಧಿಗಳನ್ನು ದಾಟಿ, ಅಪ್ಪ ಹಿಂದಿನ ಗೋಡೆಯವರೆಗೂ ನಡೆದರು. ಅಮ್ಮ ಸ್ವಲ್ಪ ದೂರ ಬಿಟ್ಟು ಹಿಂದೆ ಬಂದರು.

"ಜ್ಞಾನಸ್ನಾನ ಆಗದ ಮಗು ಕ್ರೈಸ್ತರ ಲೆಕ್ಕಕ್ಕೆ ಬರಲ್ಲ ಅಂತ ಆಗಿನವರು ಮೂಲೇಲಿ ಜಾಗ ಕೊಟ್ರು," ಅಪ್ಪ ನೆಲ ನೋಡುತ್ತ ಹೇಳಿದರು. ಮೈಕಿಲ್ಲದ ಅವರ ದನಿ ತೆಳ್ಳಗಿತ್ತು. "ಚರ್ಚಿನ ಸಮಿತಿಯವನ ಮಗು ಗೋಡೆ ಪಕ್ಕ ಅಂದ್ರೆ... ನಂಗೆ ನಾಚಿಕೆ ಆಯ್ತು. ಒಂದು ಶಿಲುಬೇನೂ ನೆಡ್ಲಿಲ್ಲ."

ಅವರು ಬೆರಳು ತೋರಿಸಿದ ಕಡೆ ಕಸದ ಗುಡ್ಡೆ ಇತ್ತು. ಕೊಳೆತು ಲೋಳೆಯಾದ ಹೂವಿನ ಹಾರ, ಕರಗಿದ ಮೇಣ, ಸಭಾಂಗಣದಿಂದ ತಂದು ಸುರಿದ ಎಂಜಲು ತಟ್ಟೆಗಳು, ಅವುಗಳ ಮೇಲೆ ಗುಂಯ್‌ಗುಡುವ ನೊಣ, ನಾಯಿಯ ಹೇಲು. ನಾತ ಮೂಗಿಗೆ ಬಡಿಯಿತು.

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿದರು. ಬರಿಗೈಯಲ್ಲಿ ಕಸ ಎತ್ತತೊಡಗಿದರು. ಲಿಫ್ಟಪ್ಪ ಅಂಗಿಯ ತೋಳು ಮಡಚಿ ಪಕ್ಕದಲ್ಲಿ ಕೂತ. ಡಾಕ್ಟರಮ್ಮನೂ ಕೂತಳು. ಲೋಳೆ ಬೆರಳ ಸಂದಿಗೆ ಇಳಿಯಿತು.

ಅಪ್ಪ ಮೂಗಿಗೆ ಕರವಸ್ತ್ರ ಒತ್ತಿ ನಿಂತಿದ್ದರು. ಏನೂ ತೋಚದೆ ಹಣೆಗೆ ಕೈ ಒಯ್ದು ಶಿಲುಬೆಯ ಗುರುತು ಹಾಕಲು ತೊಡಗಿದರು. "ಪಿತನ, ಸುತನ..."

"ಪ್ರಾರ್ಥನೆ ಆಮೇಲೆ ಮಾಡಿ," ಅಮ್ಮ ಅಂದರು. "ಮೊದಲು ಇದನ್ನ ಎತ್ತಿ."

'ಅಪ್ಪ, ಅಮ್ಮ ಹೇಳ್ತಿದಾರೆ' ಅನ್ನಲು ಮಗಳ ಬಾಯಿ ರೂಢಿಯಂತೆ ತೆರೆದುಕೊಂಡಿತು. ಹಾಗೇ ಮುಚ್ಚಿಕೊಂಡಿತು. ಅಮ್ಮ ಅಪ್ಪನ ಮುಖ ನೋಡಿಯೇ ಹೇಳಿದ್ದರು.

ಅಪ್ಪ ಕರವಸ್ತ್ರ ಜೇಬಿಗಿಟ್ಟರು. ಬಗ್ಗಿದರು. ಅವರ ಮಂಡಿ ಲಟಕ್ಕೆಂದಿತು. ಮೊದಲ ಹಿಡಿ ಎತ್ತುವಾಗಲೇ ಓಕರಿಸಿದರು, ಆದರೂ ಬಿಡದೆ ಎತ್ತಿದರು. ಅಷ್ಟಕ್ಕೇ ಅಮ್ಮ ಕ್ಷಮಿಸಿಬಿಟ್ಟರೆಂದಲ್ಲ. ನೆಲ ಕಾಣುವವರೆಗೂ ಅವರತ್ತ ಮತ್ತೆ ತಿರುಗಲಿಲ್ಲ. ನೆಲ ಕಂಡ ಮೇಲೆ ಅಮ್ಮ ಅಂಗೈ ಮಣ್ಣಿಗೆ ಒತ್ತಿ ಕೂತರು. ಬಿಕ್ಕಿ ಬಿಕ್ಕಿ ಅತ್ತರು. ಅಪ್ಪ ಪಕ್ಕದಲ್ಲಿ, ಗಲೀಜಾದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಸುಮ್ಮನೆ ಕೂತಿದ್ದರು. ಬಾಯಲ್ಲಿ ಒಂದು ಜಪವೂ ಇರಲಿಲ್ಲ.

ಅವರನ್ನು ಅಲ್ಲೇ ಬಿಟ್ಟು ಇವರಿಬ್ಬರೂ ಗೇಟಿನ ಹತ್ತಿರದ ನಲ್ಲಿಗೆ ಬಂದರು. ಸೋಪಿರಲಿಲ್ಲ. ಎಷ್ಟು ಉಜ್ಜಿದರೂ ನಾತ ಹೋಗಲಿಲ್ಲ.

"ಛೀ, ನಿನ್ನ ಕೈ ಸತ್ತ ಇಲಿ ಥರ ನಾರ್ತಿದೆ."

"ನಿಂದೇನು ಮಲ್ಲಿಗೆ ದಂಡೆಯಾ, ಡಾಕ್ಟರಮ್ಮ?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ನಂಗೆ ಭಯ ಕಣೋ. ಅಪ್ಪ ಅಮ್ಮನೂ ಒಂದು ಕಾಲಕ್ಕೆ ನಮ್ಮ ಹಾಗೇ ಇದ್ದಿರ್ತಾರೆ. ನಾಳೆ ನಾವೂ ಹಿಂಗಾದ್ರೆ?"

ಅವನು ನಲ್ಲಿ ನಿಲ್ಲಿಸಿದ. ಅವಳ ರೆಪ್ಪೆಯ ಮೇಲೆ ನಿಂತ ಹನಿಯನ್ನೇ ನೋಡುತ್ತ, ಒರೆಸಲು ಕೈಯೆತ್ತಿ, ಕೈಯ ಗತಿ ನೆನಪಾಗಿ ಇಳಿಸಿದ.

"ಆಗಲ್ಲ ಅಂತ ಮಾತು ಕೊಡೋಕೆ ನಂಗೆ ಬರಲ್ಲ. ಜಗಳ ಆಡೋಣ, ಮುಖ ನೋಡ್ಕೊಂಡು ಆಡೋಣ. ನಾನು ಪ್ರಾರ್ಥನೆಗೆ ಕೂತಿರುವಾಗ ನೀನು ಕರೆದ್ರೆ ಎದ್ದು ಬರ್ತೀನಿ. ದೇವರಾದ್ರೆ ಕಾಯ್ತಾನೆ. ನೀನು ಕಾಯೋ ಪೈಕಿ ಅಲ್ಲ."

"ಅಲ್ಲವೇ ಅಲ್ಲ."

"ನೀನಂದ್ರೆ ನಂಗೆ ತುಂಬಾ ಇಷ್ಟ. ಇಂಥ ಜಾಗದಲ್ಲಿ ಹೇಳಬಾರದೇನೋ."

"ಇಂಥ ಜಾಗದಲ್ಲಿ ಹೇಳಿದ್ದಕ್ಕೇ ನಂಬ್ತಿದೀನಿ," ಅಂದಳು. "ಮದುವೆ ಆಗೋಣ. ಯಾವತ್ತಾದ್ರೂ ಮೈಕ್ ಹಿಡಿದು ಸಂಸಾರದ ಬಗ್ಗೆ ಭಾಷಣ ಮಾಡಿದ್ಯೋ, ಹಲ್ಲೆಲ್ಲ ಕಿತ್ತಿಡ್ತೀನಿ."

"ಮರಗಟ್ಟೋ ಇಂಜೆಕ್ಷನ್ ಕೊಟ್ಟು ತಾನೇ?"

"ಊಹೂಂ, ಕೊಡದೇನೇ."

ಅವನು ನಕ್ಕ. ಅವಳು ಅವನ ಒದ್ದೆ ಅಂಗೈಯನ್ನು ಎಳೆದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡಳು. ನಾತ ಗಪ್ಪೆಂದು ಮೂಗಿಗೆ ಹೊಡೆಯಿತು. ಮುಖ ಸಿಂಡರಿಸಿದಳು, ಕೈ ಬಿಡಲಿಲ್ಲ.