ನಿಂತ ದೋಣಿಯಲ್ಲಿ ನೂರ ಮೂವತ್ತೆಂಟು

ಅವಳ ಕೈಗಡಿಯಾರವೇ ಅಣ್ಣನ ಕಣ್ಣು. ಅವಳ ಎದೆ ಎಷ್ಟು ಸಲ ಬಡಿಯಿತೆಂಬುದು ಮನೆಯಲ್ಲಿ ಕೂತ ಅಣ್ಣನ ಫೋನಿನಲ್ಲಿ ಆಗಿಂದಾಗಲೇ ಕಾಣುತ್ತಿತ್ತು. ಹಗ್ಗ ಎಷ್ಟು ಉದ್ದವಿದ್ದರೇನು, ಗೂಟ ಗೂಟವೇ.

ಅಣ್ಣ ಕೆಟ್ಟವನಲ್ಲ. ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೊಂದು ಮುಗಿಸುವ ಟ್ರಯಥ್ಲಾನ್ ಮೊದಲು ಅವನ ಕನಸು. ಮಂಡಿ ಮುರಿದ ಮೇಲೆ ಸೈಕಲ್ಲಿನ ಸೀಟು ಎರಡು ಬೆರಳು ಇಳಿಸಿ, ಕನಸಿನ ಸಮೇತ ತಂಗಿಗೆ ಕೊಟ್ಟ. ನಿನಗೆ ಬೇಕಾ ಎಂದು ಅವನು ಕೇಳಲಿಲ್ಲ. ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ.

ಪಂದ್ಯಕ್ಕೆ ಮೂರು ವಾರವಿರುವಾಗ ಮೈಗೆ ಒಂದು ವಾರ ವಿರಾಮ. ಓಡುವಂತಿಲ್ಲ, ಈಜುವಂತಿಲ್ಲ, ಸೈಕಲ್ ರಸ್ತೆಗಿಳಿಸುವಂತಿಲ್ಲ. ಸುಮ್ಮನೆ ಕೂತರೆ ಮೈ ಜಡ್ಡುಗಟ್ಟೀತೆಂದು, ಕ್ರಾಸ್ ಟ್ರೈನಿಂಗಿಗೆ, ಅಂದರೆ ಬದಲಿ ಕಸರತ್ತಿಗೆ, ದಿನಾ ಬೆಳಿಗ್ಗೆ ಕೆರೆಯಲ್ಲಿ ದೋಣಿ ನಡೆಸು ಎಂದ ಅಣ್ಣ. ಎದೆಬಡಿತ ಮಾತ್ರ ನಿಮಿಷಕ್ಕೆ ನೂರಿಪ್ಪತ್ತು ದಾಟಕೂಡದು.

ಕೆರೆಯ ದಡದಲ್ಲಿ ದೋಣಿ ರಿಪೇರಿ ಮಾಡುವವನೊಬ್ಬ ದಾರಿ ಹೇಳಲು ಜೊತೆಗೆ ಬರುತ್ತಿದ್ದ. ಹುಟ್ಟು ಹಾಕುವವರಿಗೆ ಹೋಗುವ ದಾರಿ ಬೆನ್ನ ಹಿಂದಿರುತ್ತದೆ. ಎದುರು ಕೂತವರೇ ನೋಡಿ ಹೇಳಬೇಕು. ಹಾಗಾಗಿ ಅವಳಿಗೆ ಕಾಣುತ್ತಿದ್ದುದು ಅವನೊಬ್ಬನೇ. ಉಗುರಿನ ಸಂದಿಯ ಟಾರು, ಹುಬ್ಬಿಗೆ ಅಂಟಿದ ಮರದ ಪುಡಿ. ಎಡಕ್ಕೆ ಎನ್ನುವಾಗ ಅವನ ಕಣ್ಣು ಅವಳ ಭುಜದಾಚೆ ಹೋಗುತ್ತಿತ್ತು. ವಾಪಸು ಬರುವಾಗ ಅವಳ ಮುಖದ ಮೇಲೆ ಚೂರು ಹೊತ್ತು ತಂಗುತ್ತಿತ್ತು. ನಾಲ್ಕನೆಯ ದಿನಕ್ಕೆ ಆ ಚೂರು ಬೆಳೆದಿತ್ತು.

"ದಾರಿ ನೋಡ್ರೀ," ಅಂದಳು.

"ನೋಡ್ತಾನೇ ಇದೀನಲ್ಲ," ಅಂದ, ಕಣ್ಣು ಕೀಳದೆ.

ಐದನೆಯ ದಿನ ಕೆರೆಯ ನಡುವೆ ಹುಟ್ಟು ಎತ್ತಿಡಲು ಹೇಳಿದ. ಎರಡೂ ಹುಟ್ಟಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಏನೋ ಹೇಳಲು ಹೋಗಿ ಕೆಮ್ಮಿದ. ಆಮೇಲೆ ಕೇಳಿದ:

"ಪಂದ್ಯ ಮುಗಿದ ಮೇಲೂ ಬರ್ತೀರಾ?"

ಉತ್ತರ ಗಂಟಲಲ್ಲಿರುವಾಗಲೇ ಫೋನ್ ಬಂತು. ಅಣ್ಣ. ನೂರ ಮೂವತ್ತೆಂಟು ತೋರಿಸುತ್ತಿದೆ, ಹೀಗೆ ಎಗ್ಗಿಲ್ಲದೆ ಹುಟ್ಟು ಹಾಕಿದರೆ ವಿರಾಮವೇನು ಬಂತು ಎಂದು ಬೈದ. ನಾಳೆಯಿಂದ ದೋಣಿ ಬಂದ್, ತನ್ನ ಕಣ್ಣೆದುರೇ, ಕೋಣೆಯಲ್ಲಿ ನಿಂತಲ್ಲೇ ತುಳಿಯುವ ಸೈಕಲ್ ಎಂದ.

ತಪ್ಪಾಯ್ತು ಎಂದರೆ ದೋಣಿ ಹೋಯಿತು. ಹುಟ್ಟೇ ಹಾಕಿಲ್ಲ ಎಂದರೆ ಗುಟ್ಟು ಹೋಯಿತು. ಸುತ್ತ ನೀರು, ಎದುರಿಗೆ ಅವನು, ಕಿವಿಯಲ್ಲಿ ಅಣ್ಣ. ಈಜಿ ತಪ್ಪಿಸಿಕೊಳ್ಳೋಣವೆಂದರೆ ಈ ವಾರ ಈಜೂ ನಿಷೇಧ.

"ಅಣ್ಣಾ, ದೋಣಿ ನಿಂತಿದೆ."

"ಮತ್ತೆ ಇದೇನು?"

"ಸುಮ್ಮನೆ ಕೂತಿದೀನಿ. ಇವರು ಎದುರಿಗಿದ್ದಾರೆ."

ರಿಪೇರಿಯವನು ತನ್ನ ಉಗುರು ನೋಡಿಕೊಂಡ, ಕಿವಿ ಕೆಂಪಾಗಿತ್ತು.

"ಪಂದ್ಯ ಬಿಡ್ತೀಯೇನು?" ಅಣ್ಣನ ದನಿ ಸಣ್ಣಗಾಗಿತ್ತು.

"ಇಲ್ಲಣ್ಣ, ಓಡ್ತೀನಿ. ಆದ್ರೆ ಈ ಗಡಿಯಾರ ಕಟ್ಕೊಂಡು ಓಡಲ್ಲ."



"ಈಗ ನೂರ ನಲವತ್ತಾರು," ಎಂದ ಅಣ್ಣ. "ಹುಟ್ಟು ಹಾಕಮ್ಮ. ಕೂತರೇನೇ ಜಾಸ್ತಿಯಾಗ್ತಿದೆ."

ಅವಳು ಫೋನ್ ಇಟ್ಟು ಗಡಿಯಾರ ಬಿಚ್ಚಿದಳು. ಮಣಿಕಟ್ಟಿನಲ್ಲಿ ಬಿಸಿಲು ಕಾಣದ ಬಿಳಿ ಪಟ್ಟಿ ಉಳಿದಿತ್ತು.

"ಬರ್ತೀನಿ," ಎಂದು ಅವನಿಗೆ ಹೇಳಿ ಹುಟ್ಟು ಹಾಕಿದಳು.

ಎಡಕ್ಕೋ ಬಲಕ್ಕೋ ಎಂದು ಹೇಳಬೇಕಾದವನು ಅವಳನ್ನೇ ನೋಡುತ್ತಾ ಕೂತ. ದೋಣಿ ಹೋಗಿ ದಡದ ಜೊಂಡಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವ ಅವಸರ ಇಬ್ಬರಿಗೂ ಇರಲಿಲ್ಲ.