ಚಿಪ್‌ಗೆ ಕಾಣದ ವಿಷ

ಪ್ರಯೋಗಾಲಯದ ಮುಖ್ಯಸ್ಥರಾದ ದೊಡ್ಡಸಾರ್‌ಗೆ ಎಲೆಕ್ಟ್ರೋಡಿನ ತಂತಿಯಿಂದ ಹಲ್ಲು ಕೆದಕುವ ಚಾಳಿ. ಸಿಕ್ಕಿದ್ದನ್ನೊಮ್ಮೆ ದಿಟ್ಟಿಸಿ ನೋಡಿ ಮತ್ತೆ ಬಾಯಿಗೇ ಹಾಕಿಕೊಳ್ಳುತ್ತಿದ್ದರು. ಅದೇ ಎಂಜಲು ಕೈಯಿಂದ ತಮ್ಮ ಕೈಕೆಳಗಿನ ಸಂಶೋಧಕನ ಬೆನ್ನು ತಟ್ಟಿ, "ನಮ್ಮ ಚಿಪ್ ಹೇಗಿದೆ ತಮ್ಮಾ?" ಎಂದು ಅವರು ಹೋದ ಮೇಲೆ ಅವನು ಅಂಗಿಯ ಬೆನ್ನನ್ನು ತಿಕ್ಕಿ ತಿಕ್ಕಿ ಒರೆಸಿಕೊಳ್ಳುತ್ತಿದ್ದ.

ನಮ್ಮ ಚಿಪ್ ಅಂತೆ! ಕಣ್ಣಿಗೇ ಕಾಣದ ಇಂಗಾಲದ ನ್ಯಾನೊ ಕೊಳವೆಗಳನ್ನು ಅಂಟಿನಲ್ಲಿ ಕಲಸಿ, ಗಾಜಿನ ಬಿಲ್ಲೆಯೊಳಗಿನ ಕೂದಲೆಳೆಯಂಥ ಕಾಲುವೆಯಲ್ಲಿ ಎಲೆಕ್ಟ್ರೋಡ್ ಮಾಡಿ ಕೂರಿಸಿದವನು ಅವನು. ಒಂದು ಹನಿ ನೀರು ಅದರಲ್ಲಿ ಹರಿದರೆ ಸಾಕು, ಕೀಟನಾಶಕವಿದ್ದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು. ಹೆಸರು ಮಾತ್ರ ದೊಡ್ಡಸಾರ್‌ದು. "ಊರೆಲ್ಲ ಅವರನ್ನೇ ಹೊಗಳ್ತಿದೆ. ನೀವೇನು ಅಲ್ಲಿ ಲೋಟ ತೊಳೀತೀರಾ?" ಎಂದಿದ್ದಳು ಹೆಂಡತಿ.

ಕೊಲ್ಲುವ ದಾರಿಯನ್ನು ಆ ಮನುಷ್ಯನ ಡೌಲೇ ತೋರಿಸಿಕೊಟ್ಟಿತು. ಅತಿಥಿಗಳು ಬಂದಾಗಲೆಲ್ಲ ದೊಡ್ಡಸಾರ್ ಎರಡು ಲೋಟಗಳ ನೀರನ್ನು ಪರೀಕ್ಷಿಸಿ, ಹಸಿರು ದೀಪದ ಲೋಟವನ್ನೆತ್ತಿ ಗಟಗಟ ಕುಡಿದು, ಮೀಸೆಯಿಂದ ಹನಿ ತೊಟ್ಟಿಕ್ಕಿಸುತ್ತ ನಗುತ್ತಿದ್ದರು. ಚಿಪ್‌ಗೆ ಕಾಣದ ವಿಷವೊಂದಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ. ಆ ಕೊರತೆ ಅವನೊಬ್ಬನಿಗೇ ಗೊತ್ತಿದ್ದದ್ದು, ಬಾಯಿ ಬಿಟ್ಟಿರಲಿಲ್ಲ. ಒಳ್ಳೆಯ ನೀರಿನ ಲೋಟಕ್ಕೆ ಅದನ್ನು ಬೆರೆಸಿದರೆ ಮುಗಿಯಿತು. ಚಿಪ್ ಕೈಕೊಟ್ಟಿತು, ಜಂಬ ಕೊಚ್ಚಿಕೊಳ್ಳಲು ಹೋಗಿ ಸತ್ತ ಎನ್ನುತ್ತದೆ ಜನ. ಇವನು ನಾಕು ಹನಿ ಕಣ್ಣೀರು ಸುರಿಸಿ, ಚಿಪ್ ಸರಿಪಡಿಸಿ, ತನ್ನ ಹೆಸರಿನಲ್ಲೇ ಹೊರತರುತ್ತಾನೆ.

ಪ್ರದರ್ಶನದ ಬೆಳಿಗ್ಗೆ ಲೋಟಗಳನ್ನು ಅವನೇ ತುಂಬಿಸಿಟ್ಟ. ಒಳ್ಳೆಯ ನೀರಿನದಕ್ಕೆ ಆ ವಿಷ ಬೆರೆಸಿದ. ತನ್ನ ಬಗ್ಗೆ ಅಸಹ್ಯವೇನೂ ಆಗಲಿಲ್ಲ. ಅದೆಲ್ಲ ಆ ಮೀಸೆಯ ಮೇಲೇ ಖರ್ಚಾಗಿಹೋಗಿತ್ತು.

ಮೊದಲ ಲೋಟಕ್ಕೆ ಕೆಂಪು ದೀಪ. ಎರಡನೆಯದಕ್ಕೆ, ಅವನು ಎಣಿಸಿದಂತೆಯೇ, ಹಸಿರು. ದೊಡ್ಡಸಾರ್ ಲೋಟ ಎತ್ತಿದರು. ಅವನು ಆ ದಪ್ಪ ತುಟಿಗಳನ್ನೇ ನೋಡುತ್ತ ನಿಂತ.

ಲೋಟ ತುಟಿಗೆ ತಾಗಲಿಲ್ಲ. "ಈ ಚಿಪ್ ಮಾಡಿದವನು ಇಲ್ಲೇ ಇದ್ದಾನೆ, ನಮ್ಮ ಹುಡುಗ!" ಎಂದು ದೊಡ್ಡಸಾರ್ ಅವನ ಹೆಗಲಿಗೆ ಕೈಹಾಕಿ ಮುಂದಕ್ಕೆ ಎಳೆದುಕೊಂಡರು. "ಇವತ್ತು ಕುಡಿಯೋ ಮರ್ಯಾದೆ ಇವನದ್ದೇ." ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಲೋಟ ಅವನ ಕೈಗೆ ಬಂತು. "ಕುಡಿ ತಮ್ಮಾ, ಮಾನ ಉಳಿಸು," ಎಂದು ದೊಡ್ಡಸಾರ್ ಕಿವಿಯಲ್ಲಿ ಪಿಸುಗುಟ್ಟಿದರು. "ಮಧ್ಯಾಹ್ನ ನನ್ನ ಹೊಟ್ಟೆಗೆ ಕ್ಯಾಮೆರಾ ಇಳಿಸ್ತಾರೆ. ನೀರೂ ಮುಟ್ಟಬೇಡಿ ಅಂದಿದ್ದಾರೆ ಡಾಕ್ಟ್ರು." ಆಗಷ್ಟೇ ಅದು ಅವನ ಕಣ್ಣಿಗೆ ಬಿತ್ತು: ಬೆಳಿಗ್ಗೆ ತಂದಿಟ್ಟ ದೊಡ್ಡಸಾರ್ ಕಾಫಿ, ಸುಕ್ಕುಗಟ್ಟಿದ ಕೆನೆ ಹೊದ್ದು, ಮೇಜಿನ ಮೇಲೆ ತುಂಬಿದ್ದ ಹಾಗೇ ಕೂತಿತ್ತು.